ಮೌಂಟಿಂಗ್ ಕಾಕಾನಿಗೆ ಬರೆದುಕೊಟ್ಟ ಕಾಗದ

ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಬ್ಯಾಂಕ್ ನೌಕರನಿಗೆ ಹಳೆಯ ಕಾರುಗಳ ಹುಚ್ಚು. ಕಳೆದ ಭಾನುವಾರ ನಾನು ತರಕಾರಿಗೆಂದು ಕೆಳಗಿಳಿದಾಗ ಕಾಂಪೌಂಡಿನಲ್ಲಿ ಪೇಪರ್ ಹಾಸಿ ಎಂಜಿನ್ನಿನ ಭಾಗಗಳನ್ನೆಲ್ಲ ಹರಡಿಕೊಂಡು ಕುಳಿತಿದ್ದ. ಅವುಗಳ ನಡುವೆ ಎರಡು ಕಬ್ಬಿಣದ ತಗಡುಗಳಿಗೆ ಅಂಟಿಕೊಂಡ ಒಂದು ಕಪ್ಪು ರಬ್ಬರ್ ಗಟ್ಟಿ ಕಂಡಿತು. ಎಂಜಿನ್ ಮೌಂಟಿಂಗ್ ಆಂಟಿ, ಹೊಸದನ್ನು ಇಂಗ್ಲೆಂಡಿನಿಂದ ತರಿಸಬೇಕು ಎಂದ. ನಾನು ಅದನ್ನು ಕೈಗೆತ್ತಿಕೊಂಡು ಮೂಸಿ ನೋಡಿದ್ದಕ್ಕೆ ಅವನಿಗೆ ನಗು. ಬಿರುಕುಬಿಟ್ಟ ರಬ್ಬರು, ಸುಟ್ಟ ಆಯಿಲ್, ಎಲ್ಲೋ ತಳದಲ್ಲಿ ಗಂಧಕ… ತರಕಾರಿ ಮರೆತು ಮೇಲೆ ಬಂದೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಉಡುಪಿ ಕಡೆಯಿಂದ ಭಾಂಡುಪ್‌ನ ಚಾಳಿಗೆ ಬಂದವಳು ನಾನು. ಗಂಡ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮ್ಯಾನೇಜರ್. ಬೆಳಿಗ್ಗೆ ಲೋಕಲ್ ಹಿಡಿದರೆ ಕತ್ತಲಾದ ಮೇಲೇ ಮನೆ. ಚಾಳಿನ ಹಿಂದೆ ತಗಡಿನ ಶೆಡ್ಡೊಂದಿತ್ತು. ಅಲ್ಲಿ ಬಿಜಾಪುರ ಕಡೆಯ ಒಬ್ಬರು ಹಳೇ ಕಾರುಗಳಿಗೆ ಈ ಮೌಂಟಿಂಗ್‌ಗಳನ್ನು ಮಾಡುತ್ತಿದ್ದರು. ಚಾಳಿಗೆಲ್ಲ ಅವರು ಮೌಂಟಿಂಗ್ ಕಾಕಾ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಹತ್ತೊಂಬತ್ತರ ಮಗಳೊಬ್ಬಳೇ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಅಪ್ಪ, ನೀರು, ಬಾ… ಇಂಥ ನಾಲ್ಕಾರು ಶಬ್ದ ಬಿಟ್ಟರೆ ಮಾತೂ ಇರಲಿಲ್ಲ.

ಎಂಜಿನ್ನಿನ ನಡುಕ ಗಾಡಿಯ ಮೈಗೆ ತಾಗದಂತೆ ತಡೆಯುವುದೇ ಆ ರಬ್ಬರಿನ ಕೆಲಸವಂತೆ. ಬಾಂದ್ರಾದ ಬಂಗಲೆಗಳಲ್ಲಿ ಸ್ವಾತಂತ್ರ್ಯಕ್ಕಿಂತ ಹಿಂದಿನ ಗಾಡಿಗಳು ಇನ್ನೂ ಓಡುತ್ತಿದ್ದವು, ಆದರೆ ವಿದೇಶದ ಸಾಮಾನು ಸಿಗುತ್ತಿರಲಿಲ್ಲ. ಡ್ರೈವರುಗಳು ಕೆಟ್ಟುಹೋದ ಮೌಂಟಿಂಗನ್ನು ಹಿಡಿದು ಕಾಕಾನ ಬಳಿ ಬರುತ್ತಿದ್ದರು. ಕಾಕಾ ಹಳೇ ರಬ್ಬರನ್ನು ಸುಟ್ಟು ತೆಗೆದು, ತಗಡನ್ನು ಬೆಳ್ಳಗಾಗುವಂತೆ ಉಜ್ಜಿ, ಹೊಸ ರಬ್ಬರು ತುಂಬಿ, ಅಚ್ಚಿನಲ್ಲಿಟ್ಟು ಬಿಸಿ ಪ್ರೆಸ್ಸಿಗೆ ಕೊಡುತ್ತಿದ್ದರು. ರಬ್ಬರು ಮೆತ್ತಗಾದರೆ ಎಂಜಿನ್ ಕುಸಿಯುತ್ತದೆ, ಬಿರುಸಾದರೆ ಗಾಡಿಯೆಲ್ಲ ನಡುಗುತ್ತದೆ. ಹದ ಸರಿಯಾಗಿದೆಯೋ ಇಲ್ಲವೋ ಎಂದು ಹೇಳುತ್ತಿದ್ದವಳು ಮಗಳು. ಮೌಂಟಿಂಗ್ ಕೂಡಿಸಿ ಎಂಜಿನ್ ಚಾಲೂ ಮಾಡಿದ ಮೇಲೆ ಅವಳು ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲಿಗೆ ಅಂಗೈ ಇಡುತ್ತಿದ್ದಳು. ಅವಳು ತಲೆ ಅಡ್ಡ ಆಡಿಸಿದರೆ ಮುಗಿಯಿತು. ಡ್ರೈವರ್ ಎಷ್ಟೇ ಅವಸರ ಮಾಡಲಿ, ಕಾಕಾ ಬಿಚ್ಚಿ ಮತ್ತೆ ಮಾಡುತ್ತಿದ್ದರು. ಮೊದಮೊದಲು ನಕ್ಕ ಡ್ರೈವರುಗಳು ಆಮೇಲೆ ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು.

ಕಾಕಾನಿಗೆ ಓದುಬರಹವಿರಲಿಲ್ಲ. ಊರಿನ ಕಾಗದಗಳನ್ನು ಓದಿ ಉತ್ತರ ಬರೆದುಕೊಡುತ್ತಿದ್ದವಳು ನಾನು. ನನಗಿಂತ ಎರಡು ಪಟ್ಟು ವಯಸ್ಸಿನವರಾದರೂ ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ, ಮಗಳನ್ನು ಎಂದೂ ನೋಡಿರದ ದೂರದ ನೆಂಟರ ಪೈಕಿ ಅವಳಿಗೊಂದು ಸಂಬಂಧ ಬಂದಿದೆಯೆಂದು ಇನ್‌ಲ್ಯಾಂಡ್ ಕಾಗದ ಹಿಡಿದು ಬಂದರು. ಕೈಕಾಲು ತೊಳೆದು, ಅಂಗಿ ಬದಲಿಸಿ ಬಂದಿದ್ದರು.

“ಹುಡುಗಿಗೆ ಕಿವಿ ಕೇಳಂಗಿಲ್ಲ ಅಂತ ಮೊದಲನೇ ಸಾಲಿನಾಗ ಬರೀರಿ ಅಕ್ಕಾರ. ಮಾತೂ ಬರಂಗಿಲ್ಲ. ಉಳಿದದ್ದು ಆಮ್ಯಾಲ.”

ಪೆನ್ನು ಹಿಡಿದು ಒಂದು ಗಳಿಗೆ ಕುಳಿತೆ. ಹೀಗೆ ಬರೆದರೆ ಯಾರು ಮುಂದೆ ಬರುತ್ತಾರೆ ಅನ್ನಿಸಿತು. ಹುಡುಗಿ ಚೆಲುವೆ, ಚುರುಕು. ಒಮ್ಮೆ ಕಣ್ಣಾರೆ ನೋಡಿದರೆ ಒಪ್ಪಿಯೇ ಒಪ್ಪುತ್ತಾರೆ ಎಂದುಕೊಂಡೆ. ‘ಹುಡುಗಿ ಮಾತು ಕಡಿಮೆ, ಕಿವಿ ಸ್ವಲ್ಪ ಮಂದ’ ಎಂದು ಬರೆದೆ. ಅದನ್ನೂ ಕೊನೆಗೆ ಬರೆದೆ. ಓದಿ ಹೇಳುವಾಗ ಮಾತ್ರ ಕಾಕಾ ಹೇಳಿದ್ದನ್ನೇ ಓದಿದೆ. ನನಗಾಗ ಇಪ್ಪತ್ತನಾಲ್ಕು ವರ್ಷ. ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದೆ…

ಗಂಡಿನ ಸೋದರಮಾವ ಬಂದು ಒಂದು ತಾಸು ಕುಳಿತು ಹೋದ. ಅವಳು ಚಹಾ ತಂದಿಟ್ಟು ನಮಸ್ಕಾರ ಮಾಡಿ ಒಳಗೆ ಹೋದಳು. ಮಾತೆಲ್ಲ ಗಂಡಸರ ನಡುವೆಯೇ ಮುಗಿಯಿತು. ಆತ ಹೋದ ಮೇಲೆ ಕಾಕಾ ನಮ್ಮ ಬಾಗಿಲಿಗೆ ಬಂದರು. ಕಣ್ಣು ತುಂಬಿತ್ತು. “ಎಂಥಾ ದೊಡ್ಡ ಮನಸಿನವರು ನೋಡ್ರಿ. ಆಕಿ ಕಿವಿ ಸುದ್ದೀನ ತಗೀಲಿಲ್ಲ” ಎಂದರು. ನಿಜ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುವಂತಿರಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ.

ಊರಿನಲ್ಲಿ ಮದುವೆಯಾಯಿತು. ಕಾಕಾ ಒಬ್ಬರೇ ಮರಳಿ ಬಂದರು. ಗಾಡಿ ಬಂದಾಗ ಈಗ ತಾವೇ ಹಿಂದಿನ ಸೀಟಿನಲ್ಲಿ ಕುಳಿತು, ಕಣ್ಣು ಮುಚ್ಚಿ, ಬಾಗಿಲಿಗೆ ಕೈಯಿಡುತ್ತಿದ್ದರು. ಎಂಜಿನ್ನಿನ ಸದ್ದು ಕಿವಿಗೆ ಬೀಳುವುದರಿಂದ ಕೈಗೆ ಏನೂ ತಿಳಿಯುವುದಿಲ್ಲ ಎನ್ನುತ್ತಿದ್ದರು. ಎರಡು ಗಾಡಿಗಳ ಕೆಲಸ ಕೆಟ್ಟು ಹಿಂದೆ ಬಂತು.

ನಾಲ್ಕು ತಿಂಗಳಿಗೆ ಕಾಗದ ಬಂದಿತು. ನಮ್ಮ ಮನೆಯ ಹೊಸ್ತಿಲಲ್ಲಿ ಕುಳಿತು ಕಾಕಾ ಕಾಯುತ್ತಿದ್ದರು. ಒಡೆದು ಕಣ್ಣಾಡಿಸಿದೆ. ಮೂಗಿಯನ್ನು ನಮ್ಮ ಕೊರಳಿಗೆ ಕಟ್ಟಿದಿರಿ, ಕಿವಿ ಸ್ವಲ್ಪ ಮಂದ ಎಂದು ಬರೆದು ಮೋಸ ಮಾಡಿದಿರಿ, ಬಂದು ಕರೆದುಕೊಂಡು ಹೋಗಿ ಎಂದಿತ್ತು. ಇದನ್ನೂ ಬದಲಿಸಿ ಓದಬಹುದಿತ್ತು. ಆಗಲಿಲ್ಲ. ಇದ್ದಂತೆಯೇ ಓದಿದೆ.

ಕಾಕಾ ಹೊಸ್ತಿಲಿನಿಂದ ಎದ್ದು ನಿಂತರು.

“ನಾ ಹೇಳಿದ್ದು ಇದಲ್ಲಲ್ರಿ ಅಕ್ಕಾರ.”

ಒಳ್ಳೆಯದಾಗಲಿ ಎಂದು ಹಾಗೆ ಬರೆದೆ ಕಾಕಾ ಎಂದೆ. ಅವರು ಕಾಗದವನ್ನು ಇಸಿದುಕೊಂಡು ಮಡಚಿ ಕಿಸೆಯಲ್ಲಿಟ್ಟುಕೊಂಡರು. ದನಿ ಏರಿಸಲಿಲ್ಲ.

“ಆಕಿ ಕಿವಿ ಬಗ್ಗೆ ನನಗ ನಾಚಿಕಿ ಇರಲಿಲ್ರಿ. ನಿಮಗ ಯಾಕ ಬಂತು?”

ಅವರು ಮೆಟ್ಟಿಲಿಳಿದು ಶೆಡ್ಡಿನ ಕಡೆ ಹೊರಟರು. ಉತ್ತರಕ್ಕೆ ಕಾಯಲಿಲ್ಲ.

ಅದೇ ವಾರ ಹೋಗಿ ಮಗಳನ್ನು ಕರೆತಂದರು. ಹಿಂದಿನಿಂದ ಕರೆದಾಗ ತಿರುಗಲಿಲ್ಲವೆಂದು ಗಂಡನ ಮನೆಯಲ್ಲಿ ಅವಳ ಬೆನ್ನಿಗೆ ಬಿದ್ದ ಏಟಿನ ಗುರುತುಗಳನ್ನು ನಾನು ನೋಡಿದ್ದು ಚಾಳಿನ ನಲ್ಲಿಯ ಬಳಿ, ಅವಳು ಬಗ್ಗಿ ಕೊಡ ಎತ್ತುವಾಗ. ಬಂದ ಹೊಸದರಲ್ಲಿ ಅವಳು ಶೆಡ್ಡಿನ ಕಡೆ ಸುಳಿಯಲಿಲ್ಲ. ಕಾಕಾ ಒತ್ತಾಯ ಮಾಡಲಿಲ್ಲ. ಕೆಲವು ತಿಂಗಳ ಮೇಲೆ ಒಂದು ದಿನ ಬಾಂದ್ರಾದ ಗಾಡಿಯೊಂದು ಬಂದಾಗ ತಾನಾಗಿಯೇ ಹೋಗಿ ಕುಳಿತು ಬಾಗಿಲಿಗೆ ಅಂಗೈ ಇಟ್ಟಳು. ಸರಿಯಿಲ್ಲ ಎಂದು ತಲೆಯಾಡಿಸಿದಳು. ಕಾಕಾ ಮುಖ ತಿರುಗಿಸಿ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು. ನಾನು ಚಾಳಿನ ಹಿಂಬದಿಯ ಗ್ಯಾಲರಿಯಿಂದ ನೋಡುತ್ತಿದ್ದೆ. ಕೆಳಗಿಳಿದು ಹೋಗುವ ಧೈರ್ಯವಾಗಲಿಲ್ಲ.

ಎದುರಾದಾಗ ಅವರು ಮೊದಲಿನಂತೆಯೇ, ಆರಾಮ ಇದ್ದೀರೇನ್ರಿ ಅಕ್ಕಾರ ಎಂದು ಕೇಳುತ್ತಿದ್ದರು. ಆದರೆ ಮತ್ತೆಂದೂ ಕಾಗದ ಹಿಡಿದು ನಮ್ಮ ಬಾಗಿಲಿಗೆ ಬರಲಿಲ್ಲ. ಪೋಸ್ಟ್ ಆಫೀಸಿನ ಮುಂದೆ ಕಾಗದ ಬರೆದುಕೊಡುವ ಮುದುಕನೊಬ್ಬನಿದ್ದ. ಅವನಿಗೆ ಬರುತ್ತಿದ್ದುದು ಮರಾಠಿ ಮಾತ್ರ. ಕಾಕಾ ತಮ್ಮ ಹರಕುಮುರುಕು ಮರಾಠಿಯಲ್ಲಿ ಹೇಳಿ ಬರೆಸುತ್ತಿದ್ದುದನ್ನು ಒಮ್ಮೆ ಕಂಡೆ. ಬಿಜಾಪುರದ ಆ ಹಳ್ಳಿಯಲ್ಲಿ ಅದನ್ನು ಯಾರು ಓದುತ್ತಿದ್ದರೋ…

ಆಮೇಲೆ ಕಾಕಾನಿಗೆ ಕೆಮ್ಮು ಹಿಡಿಯಿತು. ಶೆಡ್ಡಿನ ಹೊಗೆಯೇ ಕಾರಣ ಎಂದರು ಡಾಕ್ಟರು. ಎರಡು ವರ್ಷ ಹಾಗೂ ಹೀಗೂ ದುಡಿದರು. ಕೊನೆಗೆ ಅವರು ಆಸ್ಪತ್ರೆ ಸೇರಿದಾಗ ಗಂಜಿ ಮಾಡಿಕೊಂಡು ಹೋದೆ. ಕಾಕಾ, ಅವತ್ತು ನನ್ನದು ತಪ್ಪಾಯಿತು ಎಂದೆ. ಅವರು ಕಣ್ಣು ಮುಚ್ಚಿಯೇ ಕೈಯೆತ್ತಿ ಸಾಕು ಎಂಬಂತೆ ಆಡಿಸಿದರು. ಅದು ಕ್ಷಮೆಯೋ, ಆಯಾಸವೋ ಇವತ್ತಿಗೂ ನನಗೆ ತಿಳಿದಿಲ್ಲ. ಮೂರನೇ ದಿನ ಹೋಗಿಬಿಟ್ಟರು.

ಸೊಲ್ಲಾಪುರದಿಂದ ಅವಳ ಸೋದರಮಾವ ಬಂದ. ಶೆಡ್ ಖಾಲಿಯಾಯಿತು. ಪ್ರೆಸ್ಸನ್ನು ಗುಜರಿಯವನು ಹೇರಿಕೊಂಡು ಹೋದ. ಹೊರಡುವ ದಿನ ಅವಳು ನಮ್ಮ ಬಾಗಿಲಿಗೆ ಬಂದಳು. ಕುಂಕುಮ ಹಚ್ಚಿ, ಒಂದು ರವಿಕೆ ಕಣ ಕೊಟ್ಟೆ. ಅವಳು ನನ್ನ ತುಟಿಗಳನ್ನೇ ನೋಡುತ್ತ ನಿಂತಳು. ಎದುರಿಗಿದ್ದವರ ಮಾತನ್ನು ಹಾಗೆ ನೋಡಿಯೇ ತಿಳಿಯುವುದು ಅವಳ ರೂಢಿ. ಹೋಗಿ ಬಾ ಎಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ನಾನು ಬೇರೇನೂ ಹೇಳಲಿಲ್ಲ. ತಲೆಯಾಡಿಸಿ ಮೆಟ್ಟಿಲಿಳಿದಳು.

ತಪ್ಪು ಮಾಡಿದ್ದು ಕಾಕಾನಿಗೆ ಎಂದೇ ಬಹಳ ವರ್ಷ ಅಂದುಕೊಂಡಿದ್ದೆ. ನಾನು ಬರೆದದ್ದು ಅವಳ ಬದುಕಿನ ವಿಷಯ, ಕ್ಷಮೆ ಕೇಳಬೇಕಾದದ್ದು ಅವಳನ್ನು ಎಂದು ಹೊಳೆದದ್ದು ನನ್ನ ಕೂದಲು ಹಣ್ಣಾದ ಮೇಲೆ. ಚಾಳಿದ್ದಲ್ಲಿ ಈಗ ದೊಡ್ಡ ಬಿಲ್ಡಿಂಗ್ ಎದ್ದಿದೆ. ಹೋಗಿ ವಿಚಾರಿಸಿದರೆ ಅಲ್ಲಿಯವರಿಗೆ ಯಾರದೂ ನೆನಪಿಲ್ಲ. ಅವಳಿಗೂ ಈಗ ಎಪ್ಪತ್ತು ದಾಟಿರಬೇಕು… ಇದ್ದರೆ. ಸೊಲ್ಲಾಪುರದವರು ಯಾರಾದರೂ ಸಿಕ್ಕರೆ ಇವತ್ತಿಗೂ ಕೇಳುತ್ತೇನೆ, ಕಿವಿ ಕೇಳದ ಒಬ್ಬ ಹೆಂಗಸನ್ನು ನೀವು ಬಲ್ಲಿರಾ ಎಂದು. ಅಷ್ಟು ದೊಡ್ಡ ಊರಿನಲ್ಲಿ ಯಾರನ್ನೆಂದು ಹೇಳುವುದು ಎಂದು ಅವರು ನಗುತ್ತಾರೆ.