ಎಡಗಡೆಯ ಎರಡು ಬೆರಳು

ದೆವ್ವ, ಗಾಳಿ, ಸತ್ತವರ ಕುಳಿಯ ಎಂದವರನ್ನೆಲ್ಲ ಅವರದೇ ದನಿಯಲ್ಲಿ ಅಣಕಿಸಿದವನು ನಾನು. ಇದನ್ನು ಓದಿ ನೀವು ನನ್ನನ್ನು ಅಣಕಿಸಿದರೆ ಲೆಕ್ಕ ಚುಕ್ತಾ.

ಆಗ ನಾನು ಪೈಲಟ್ ತರಬೇತಿಯಲ್ಲಿದ್ದೆ. ಆಟೊಪೈಲಟ್ ಇದ್ದರೆ ಗುಂಡಿ ಒತ್ತುವುದರಲ್ಲಿ ನನ್ನದು ಎತ್ತಿದ ಕೈ. ಅದನ್ನು ಆಫ್ ಮಾಡಿ ಕೈಯಲ್ಲೇ ಇಳಿಸು ಎಂದರೆ ಮಾತ್ರ ವಿಮಾನ ಕೆಸರುಗದ್ದೆಯ ನಾಟಿ ಓಟದಲ್ಲಿ ಕಾಲು ಜಾರಿದವನ ಹಾಗೆ ತೂರಾಡುತ್ತಿತ್ತು. ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಫೇಲಾದೆ. ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಮನೆಗೆ. ಫೇಲಾದದ್ದನ್ನು ಮನೆಯವರಿಗೆ ಹೇಳದೆ ಊರಿಗೆ ಬಂದೆ.

ನಮಗೆ ಕಲಿಸುವ ಕ್ಯಾಪ್ಟನ್ ಎಡಗಡೆ ಸೀಟಿನಲ್ಲಿ ಕೂತು, ನಾನು ತಪ್ಪಿದಾಗ ವಿಮಾನ ತಿರುಗಿಸುವ ತಮ್ಮ ಮುಂದಿನ ಹಿಡಿಯನ್ನು ಎರಡೇ ಬೆರಳಲ್ಲಿ ಎಳೆಯುತ್ತಿದ್ದರು. ಇಬ್ಬರ ಹಿಡಿಯೂ ಜೋಡಿಸಿದ್ದು. ಎಳೆತ ನನ್ನ ಅಂಗೈಗೆ ತಿಳಿಯುತ್ತಿತ್ತು. ಹಿಡಿ ಯಾರ ಕೈಗೆ ಬಂತೋ ಅವನು 'ಐ ಹ್ಯಾವ್ ಕಂಟ್ರೋಲ್' ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ಅದು ನಿಯಮ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಮಾವನ ಜೀಪಿನಲ್ಲಿ ಕಕ್ಕಬೆಯಿಂದ ನಾಪೋಕ್ಲಿನ ಚಿಕ್ಕಮ್ಮನ ಮನೆಗೆ ಹೊರಟೆವು. ಓಡಿಸುವವನು ನಾನು. ಎಡಗಡೆ ಮಾವ, ಅವರ ತೊಡೆಯ ಮೇಲೆ ಹಂದಿ ಮಾಂಸದ ಪಂದಿ ಕರಿ ತುಂಬಿದ ಪಾತ್ರೆ. ಕ್ಯಾಪ್ಟನ್ ದನಿಯಲ್ಲಿ ಬೈದು ಅವರನ್ನು ನಗಿಸುತ್ತಿದ್ದೆ. ಇಳಿಜಾರಿನಲ್ಲಿ ಮಂಜು ಕವಿಯಿತು. ರಸ್ತೆಯೇ ಇಲ್ಲ. ನಿಲ್ಲಿಸೋಣವೆಂದರೆ ಹಿಂದೆಯೇ ಬಸ್ಸಿನ ಹಾರ್ನ್. ಪರೀಕ್ಷೆಯಲ್ಲಿ ಆದಂತೆಯೇ ಕೈ ಮರಗಟ್ಟಿತು.

ಆಗ ಸ್ಟಿಯರಿಂಗನ್ನು ಎಡಗಡೆಯಿಂದ ಎರಡು ಬೆರಳು ಮೆಲ್ಲಗೆ ಎಳೆದವು. ಒಂದು ತಿರುವು ದಾಟಿತು. ಇನ್ನೊಂದೂ ದಾಟಿತು.

"ಮಾವ, ಕೈ ತೆಗೀರಿ. ನಾನೇ ಓಡಿಸ್ತೇನೆ."

"ಎಂತ ಕೈ ಮಾರಾಯ? ಕೈ ತೆಗೆದ್ರೆ ಕರಿ ಎಲ್ಲ ನನ್ನ ಪ್ಯಾಂಟಿಗೆ."

ಓರೆಗಣ್ಣಲ್ಲಿ ನೋಡಿದೆ. ಪಾತ್ರೆಯನ್ನು ಎರಡೂ ಕೈಯಲ್ಲಿ ಕೂಸಿನಂತೆ ಅಪ್ಪಿ ಕೂತಿದ್ದರು. ಸ್ಟಿಯರಿಂಗಿನ ಎಳೆತ ಆಗಲೂ ಇತ್ತು. ಮಂಜು ಹರಿದ ಮೇಲೆ ತಾನಾಗಿ ಬಿಟ್ಟಿತು.

ಚಿಕ್ಕಮ್ಮನ ಮನೆಯಲ್ಲಿ ಮಾವ ಎಲ್ಲರೆದುರು, "ಆ ಮಂಜಲ್ಲಿ ಒಂದು ತೊಟ್ಟು ಚೆಲ್ಲಲಿಲ್ಲ. ವಿಮಾನದವನ ಕೈ ಅಂದ್ರೆ ಸುಮ್ನೆಯಾ?" ಎಂದರು. ಅಂದು ನಾನು ಯಾರನ್ನೂ ಅಣಕಿಸಲಿಲ್ಲ. ತಟ್ಟೆಯಿಂದ ತಲೆ ಎತ್ತಲಿಲ್ಲ.

ಎರಡನೇ ಸಲ ಪರೀಕ್ಷೆ ಪಾಸಾಯಿತು. ಆಟೊಪೈಲಟ್ ಆರಿಸಿದ ಕೂಡಲೇ ಅದೇ ಎಳೆತ. ಎಡಕ್ಕೆ ನೋಡಿದರೆ ಕ್ಯಾಪ್ಟನ್ ಕೈಕಟ್ಟಿ ಕೂತಿದ್ದರು. ಇಳಿದ ಮೇಲೆ, "ನೋಡಿದೆಯಾ, ನಾನು ಮುಟ್ಟಲೇ ಇಲ್ಲ. ಹಾರಿಸಿದ್ದು ಯಾರು?" ಎಂದು ಬೆನ್ನು ತಟ್ಟಿದರು. ಕೇಳಿದ್ದು ಹೊಗಳಲಿಕ್ಕೆ.

"ನಾನೇ, ಸರ್," ಎಂದೆ.

ಕಲಿತ ಕೈ ಹೆದರಿಕೆಯಲ್ಲಿ ತಾನಾಗಿ ನಡೆಯುತ್ತದೆ ಎನ್ನುತ್ತಾರೆ ತಿಳಿದವರು. ನನ್ನ ಕೈ ಕಲಿತಿದ್ದರೆ ತಾನೇ? ಈಗ ನನ್ನ ಹಿಂದೆ ಪ್ರಯಾಣಿಕರಿರುತ್ತಾರೆ. ಆಕಾಶ ತಿಳಿಯಾಗಿದ್ದ ದಿನಗಳಲ್ಲಿ, ಪಕ್ಕದ ಕ್ಯಾಪ್ಟನ್ನರ ಒಪ್ಪಿಗೆ ಕೇಳಿ, ಆಟೊಪೈಲಟ್ ಆರಿಸಿ ಕೈಯಲ್ಲೇ ಇಳಿಸುತ್ತೇನೆ. ಆ ಎಳೆತ ಮತ್ತೆ ಬಂದಿಲ್ಲ. ಆದರೂ 'ಐ ಹ್ಯಾವ್ ಕಂಟ್ರೋಲ್' ಎನ್ನುವ ಮೊದಲು, ಎಡಗಡೆ ಯಾರಾದರೂ ಅಲ್ಲವೆಂದಾರೇನೋ ಎಂದು ಒಂದು ಗಳಿಗೆ ಕಾಯುತ್ತೇನೆ.