ಶ್ರಾದ್ಧದ ದಿನ ಬಂದ ಕಾನ್‌ಸ್ಟೇಬಲ್

ನಮ್ಮಪ್ಪ ಜೀವಮಾನದಲ್ಲಿ ಯಾರಿಗೂ ‘ಇಲ್ಲ’ ಅಂದವರಲ್ಲ. ಅದನ್ನು ಅವರು ದೊಡ್ಡ ಗುಣವೆಂದು ತಿಳಿದಿದ್ದರು, ನೆಂಟರಿಷ್ಟರೂ ಹಾಗೆಯೇ ತಿಳಿದಿದ್ದರು. ಇಷ್ಟವಿಲ್ಲದ್ದನ್ನು ಮುಂದಕ್ಕೆ ಹಾಕುವುದು ಅವರ ಪದ್ಧತಿ. ರೈಲ್ವೆಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರಿಗೆ, ಒಂದು ಫೈಲನ್ನು ಕೊಲ್ಲಬೇಕಾದರೆ ಹರಿಯಬೇಕಾಗಿಲ್ಲ, ಇನ್ನೊಂದು ಮೇಜಿಗೆ ಕಳಿಸಿದರೆ ಸಾಕು ಎಂಬುದು ಚೆನ್ನಾಗಿ ಗೊತ್ತಿತ್ತು. ನನ್ನ ತಮ್ಮ ತಾನು ಮದುವೆಯಾಗಬೇಕೆಂದಿದ್ದ ಪರದೇಶದ ಹೆಂಗಸನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದಾಗಲೂ ಅಪ್ಪ ಇಲ್ಲ ಅನ್ನಲಿಲ್ಲ. “ಬರ್ಲಿ, ಬರ್ಲಿ, ಕೂತ್ಕೊಳ್ಲಿ” ಅಂದರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮದ್ರಾಸಿನ ತಿರುವಲ್ಲಿಕೇಣಿಯ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಮೂರು ತಲೆಮಾರಿನಿಂದ ಅಲ್ಲೇ ಇದ್ದ ಕನ್ನಡ ವೈಷ್ಣವರು ನಾವು. ಬೀದಿಯಲ್ಲಿ ತಮಿಳು, ಒಳಗೆ ತಮಿಳು ಬೆರೆತ ಕನ್ನಡ. ಅಮ್ಮ ತೀರಿಕೊಂಡಾಗ ನನಗೆ ಹದಿನಾಲ್ಕು, ತಮ್ಮನಿಗೆ ಎಂಟು. ಅವನ ತಲೆ ಬಾಚಿದ್ದು, ಪಾಠ ಹೇಳಿಕೊಟ್ಟದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ನಾನೇ. ಅವನು ಓದಿ ಎಣ್ಣೂರಿನಲ್ಲಿ ವಿದ್ಯುತ್ ಸ್ಥಾವರದ ಇಂಜಿನಿಯರಾದ. ನಾನು ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟ್ ಆಗಿ, ಮೂವತ್ತೆರಡು ತುಂಬಿದರೂ ಮದುವೆಯಿಲ್ಲದೆ ಉಳಿದೆ. ಇದನ್ನು ಕನಿಕರ ಬೇಡಲು ಹೇಳುತ್ತಿಲ್ಲ. ಮುಂದಿನದನ್ನು ಓದಿದ ಮೇಲೆ ಯಾರೂ ಕನಿಕರ ತೋರುವುದೂ ಇಲ್ಲ.

ತಮ್ಮ ಕರೆತಂದವಳು ಯುರೋಪಿನ ಒಂದು ಸಣ್ಣ ದೇಶದವಳು. ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಹಿಂದಿನ ವರ್ಷ ಊರು ನೋಡಲು ಬಂದಾಗ, ತಾಂಬರಂಗೆ ಹೋಗುವ ಎಲೆಕ್ಟ್ರಿಕ್ ರೈಲಿನಲ್ಲಿ ದಾರಿ ಕೇಳಿ ತಮ್ಮನ ಪರಿಚಯವಾಗಿತ್ತು. ವರ್ಷವಿಡೀ ಕಾಗದ ಬರೆದು, ಕೊನೆಗೆ ಕೆಲಸ ಬಿಟ್ಟು, ಜೂನ್ ತಿಂಗಳ ಕೊನೆಯಲ್ಲಿ ಮತ್ತೆ ಬಂದಿಳಿದಳು. ಕೈಯಲ್ಲಿದ್ದದ್ದು ಮೂರು ತಿಂಗಳ ಟೂರಿಸ್ಟ್ ವೀಸಾ. ಅಷ್ಟರೊಳಗೆ ಮದುವೆಯಾಗಿಬಿಟ್ಟರೆ ಮುಂದಿನದು ಸುಲಭ ಎಂದು ಇಬ್ಬರೂ ನಂಬಿದ್ದರು. ಅವಳಿಗಾದರೆ ನಮ್ಮಪ್ಪ ಎಂಥವರೆಂದು ಗೊತ್ತಿರಲಿಲ್ಲ. ತಮ್ಮನಿಗೆ ಗೊತ್ತಿತ್ತು, ಆದರೂ ನಂಬಿದ.

“ಈಗ ಆಷಾಢ ಕಣಪ್ಪಾ, ಶುಭದ ಮಾತು ಎತ್ತಬಾರ್ದು” ಅಂದರು ಅಪ್ಪ. ಶ್ರಾವಣ ಬಂತು. “ಹಬ್ಬಗಳ ಸಾಲು ಇದೆ, ಆಗ್ಲಿ, ನೋಡೋಣ.” ಭಾದ್ರಪದ ಬಂತು. “ಇನ್ನೇನು ಪಕ್ಷಮಾಸ. ಹಿರೀಕರ ಕೆಲಸ ಮುಗಿದ್ಬಿಡ್ಲಿ.” ಪಕ್ಷಮಾಸವೆಂದರೆ ತೀರಿಹೋದ ಹಿರಿಯರಿಗೆಲ್ಲ ಶ್ರಾದ್ಧ ಮಾಡುವ ಹದಿನೈದು ದಿನ, ಆಗ ಮದುವೆಯ ಮಾತು ಸುತರಾಂ ಕೂಡದು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅಪ್ಪ ಬೇಡವೆಂದಿದ್ದರೆ ತಮ್ಮ ಜಗಳವಾಡಿ ಮನೆ ಬಿಟ್ಟು ಹೋಗಿ ಮದುವೆಯಾಗುತ್ತಿದ್ದನೋ ಏನೋ. ಆಗಲಿ ಎಂದವರ ಜೊತೆ ಜಗಳವಾಡುವುದು ಹೇಗೆ?

ಅವಳಿಗೆ ತಾರಸಿಯ ಮೇಲಿನ ತಗಡಿನ ಕೋಣೆ ಕೊಟ್ಟಿದ್ದೆವು. ಅಡುಗೆಮನೆಗೆ ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಆ ಕಡೆ ಕಾಲಿಟ್ಟಾಗೆಲ್ಲ ನಮ್ಮಲ್ಲಿ ಒಬ್ಬರು ನಗುನಗುತ್ತ ಅಡ್ಡ ನಿಲ್ಲುತ್ತಿದ್ದೆವು. ಊಟ ಹಿತ್ತಲ ಕಡೆಯ ಪಡಸಾಲೆಯಲ್ಲಿ, ಎರಡು ಹೊತ್ತೂ ಬಾಳೆಯೆಲೆಯ ಮೇಲೆ. ಅವಳು ಉಂಡ ತಟ್ಟೆಯನ್ನು ನಮ್ಮ ತಟ್ಟೆಗಳ ಜೊತೆ ಸೇರಿಸುವುದು ಅಪ್ಪನ ತಾಯಿ, ನಮ್ಮ ಅಜ್ಜಿಗೆ ಆಗದ ಮಾತು. ಎಲೆಯಾದರೆ ಎತ್ತಿ ಎಸೆದರೆ ಮುಗಿಯಿತು. ಅವಳಿಗೆ ಇದು ಹೊಳೆಯಲೇ ಇಲ್ಲ. “ನೀವೆಲ್ಲ ತಟ್ಟೆಯಲ್ಲಿ ಊಟ ಮಾಡುತ್ತೀರಿ, ನನಗೆ ಮಾತ್ರ ದಿನವೂ ಹಬ್ಬದ ಎಲೆ. ಇಲ್ಲಿ ನನ್ನನ್ನು ರಾಣಿಯ ಹಾಗೆ ನೋಡಿಕೊಳ್ಳುತ್ತಾರೆ ಅಂತ ನಮ್ಮಮ್ಮನಿಗೆ ಬರೆದಿದ್ದೇನೆ” ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದಳು. ನಾನು ನಕ್ಕೆ. ಒಳಗೆ ಹೋಗಿ ಅಜ್ಜಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅಜ್ಜಿಯೂ ನಕ್ಕಳು. ನಾವಿಬ್ಬರೂ ಜೊತೆಯಾಗಿ ಅಷ್ಟು ನಕ್ಕದ್ದು ನನಗೆ ಬೇರೆ ನೆನಪಿಲ್ಲ.

ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಬೆಳಗ್ಗೆ ಬೇಗ ಏಳುವಳು, ತನ್ನ ಕೋಣೆ ತಾನೇ ಗುಡಿಸುವಳು, ನನ್ನನ್ನು ಅಕ್ಕ ಎನ್ನುವಳು, ನನ್ನಿಂದಲೇ ಸೀರೆ ಉಡಲು ಕಲಿತಳು. ಮೊದಲೆಲ್ಲ ಶಿಫ್ಟ್ ಮುಗಿಸಿ ಬಂದವನೇ ತಮ್ಮ ನನ್ನ ಹತ್ತಿರ ಕೂತು ಕಾಫಿ ಕುಡಿದು, ಸ್ಥಾವರದಲ್ಲಿ ಯಾರು ಯಾರನ್ನು ಬೈದರು ಎಂಬುದನ್ನೆಲ್ಲ ಹೇಳುತ್ತಿದ್ದ. ಈಗ ಚಪ್ಪಲಿ ಬಿಟ್ಟವನೇ ಮೆಟ್ಟಿಲು ಹತ್ತುತ್ತಿದ್ದ. “ಅಕ್ಕಾ, ಮೇಲಕ್ಕೆ ಎರಡು ಲೋಟ ಕಾಫಿ” ಎಂದು ಅಲ್ಲಿಂದಲೇ ಕೂಗುತ್ತಿದ್ದ. ನಾನು ಒಯ್ದು ಕೊಡುತ್ತಿದ್ದೆ. ಹೊಟ್ಟೆಯುರಿ ಎನ್ನುವುದು ಬರಿಯ ಮಾತಲ್ಲ, ಮೆಟ್ಟಿಲು ಹತ್ತುವಾಗ ಅದು ನಿಜವಾಗಿಯೂ ಹೊಟ್ಟೆಯಲ್ಲಿ ಉರಿಯುತ್ತದೆ.

ವೀಸಾ ಮುಗಿಯಲು ಮೂರು ವಾರ ಉಳಿದಾಗ ತಮ್ಮನಿಗೆ ಎಚ್ಚರವಾಯಿತು. ರಿಜಿಸ್ಟ್ರಾರ್ ಎದುರು ಮದುವೆಯಾಗಬೇಕಾದರೆ ನೋಟೀಸು ಕೊಟ್ಟು ಮೂವತ್ತು ದಿನ ಕಾಯಬೇಕು. ಅಷ್ಟು ದಿನ ಅವಳ ಕೈಯಲ್ಲಿರಲಿಲ್ಲ. ಅಪ್ಪ ಒಪ್ಪಲಿ ಬಿಡಲಿ, ವೀಸಾ ಇನ್ನೊಂದು ಮೂರು ತಿಂಗಳು ಮುಂದುವರಿದರೆ ಮದುವೆಯಾಗಿಯೇ ಬಿಡುವುದೆಂದು ಅವನು ನಿಶ್ಚಯಿಸಿದ. ನನಗೊಬ್ಬಳಿಗೇ ಅದನ್ನು ಹೇಳಿದ. ಪರದೇಶದವರ ಕಾಗದಪತ್ರ ನೋಡುವ ಕಚೇರಿಗೆ ಹೋಗಿ ವಿಚಾರಿಸಿ ಬಂದ. ಅರ್ಜಿಯ ಜೊತೆ, ಇವಳು ನಮ್ಮ ಮನೆಯಲ್ಲಿಯೇ ಇದ್ದಾಳೆ ಎಂದು ಮನೆಯ ಯಜಮಾನರು ಬರೆದ ಪತ್ರ ಬೇಕು, ಅದು ನಿಜವೇ ಎಂದು ನೋಡಲು ಯಾರಾದರೂ ಮನೆಗೆ ಬರುತ್ತಾರೆ, ಅಷ್ಟೇ. ಅಪ್ಪ ಎಂದಿನಂತೆ ಇಲ್ಲ ಅನ್ನಲಿಲ್ಲ. ರೈಲ್ವೆ ಇಂಗ್ಲಿಷಿನಲ್ಲಿ ಪತ್ರ ಹೇಳಿ ಬರೆಸಿದರು, ನಾನು ಒಂದು ತಪ್ಪೂ ಇಲ್ಲದೆ ಟೈಪ್ ಮಾಡಿದೆ.

ಪರಿಶೀಲನೆಗೆಂದು ಕಾನ್‌ಸ್ಟೇಬಲ್ ಬಂದದ್ದು ತಾತನ ಶ್ರಾದ್ಧದ ದಿನ.

ಶ್ರಾದ್ಧದ ದಿನ ನಮ್ಮ ಮನೆಯಲ್ಲಿ ಉಸಿರಾಡುವುದಕ್ಕೂ ಮಡಿ. ರಜೆ ಸಿಗದೆ ತಮ್ಮ ಎಣ್ಣೂರಿಗೆ ಹೋಗಿದ್ದ. ಅವಳು ಒಣಹಾಕಿದ್ದ ಬಟ್ಟೆಗಳನ್ನು ಹಗ್ಗದಿಂದ ತೆಗೆದು ಅವಳ ಕೋಣೆಗೇ ಹಾಕಿ, ಅವಳ ಚಪ್ಪಲಿಯನ್ನೂ ಮೇಲಕ್ಕೆ ಸಾಗಿಸಿದ್ದೆವು. ನಿಮಂತ್ರಣಕ್ಕೆ ಬರುವ ಬ್ರಾಹ್ಮಣರು ಉಂಡು ಹೋಗುವವರೆಗೆ ಕೆಳಗಿಳಿಯಬೇಡ, ಬೀದಿಗೆ ತಲೆ ಹಾಕಬೇಡ ಎಂದು ನಾನೇ ಹೇಳಿದ್ದೆ. ಅವಳು ತಲೆಯಾಡಿಸಿ, “ನಿಮ್ಮ ತಾತನಿಗಾಗಿ ನಾನೂ ಮೌನವಾಗಿರುತ್ತೇನೆ” ಎಂದಿದ್ದಳು. ಹನ್ನೆರಡೂವರೆಯ ಹೊತ್ತಿಗೆ ಬ್ರಾಹ್ಮಣರು ಎಲೆಯ ಮುಂದೆ ಕೂತಿದ್ದರು, ಅಪ್ಪ ಕೈಮುಗಿದು ಎದುರಿಗೆ ನಿಂತಿದ್ದರು. ಆಗ ಗೇಟಿನ ಚಿಲಕ ಸದ್ದಾಯಿತು.

“ಯಾರೇ ಅದು?” ಎಂದಳು ಅಜ್ಜಿ ಒಳಗಿನಿಂದ, ಪಿಸುದನಿಯಲ್ಲಿ. ಖಾಕಿ ಕಂಡದ್ದೇ ಅವಳ ಮುಖ ಸುಟ್ಟ ಬದನೆಕಾಯಿಯಂತಾಯಿತು. “ಅಯ್ಯೋ, ಪೋಲೀಸ್ನೋನು! ವೆಳ್ಳೆಕ್ಕಾರಿ ಇಲ್ಲಿಲ್ಲ ಅಂತ ಹೇಳಿ ಕಳ್ಸೇ. ಅವ್ರ ಕಿವೀಗೆ ಬಿದ್ರೆ ಎಲೆ ಬಿಟ್ಟು ಎದ್ಬಿಡ್ತಾರೆ. ನಿಮ್ಮ ತಾತ ಉಪವಾಸ ಹೋಗ್ತಾರೆ.”

ಅಜ್ಜಿಯ ಭಯ ನಿಜವಾದದ್ದೇ. ವೆಳ್ಳೆಕ್ಕಾರಿ, ಅಂದರೆ ಬಿಳಿಯ ಹೆಂಗಸು, ವಾಸವಿರುವ ಮನೆಯಲ್ಲಿ ಶ್ರಾದ್ಧದ ಊಟ ಅವರು ಖಂಡಿತ ಮಾಡುತ್ತಿರಲಿಲ್ಲ. ಆದರೆ ಗೇಟು ಇದ್ದದ್ದು ಇಪ್ಪತ್ತು ಅಡಿ ದೂರದಲ್ಲಿ. ಅಲ್ಲಿ ಮೆಲ್ಲಗೆ ಆಡಿದ ಮಾತು ಒಳಗೆ ಕೇಳಿಸುವುದಿಲ್ಲವೆಂದು ಆ ಮನೆಯಲ್ಲಿ ಹುಟ್ಟಿ ಬೆಳೆದ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಾನ್‌ಸ್ಟೇಬಲ್ ವಯಸ್ಸಾದವನು, ಸಂಕೋಚದ ಮನುಷ್ಯ. ಒಳಗಿನ ಹೊಗೆಯನ್ನೂ ಬರಿಮೈಯಲ್ಲಿ ಸಾಲಾಗಿ ಕೂತ ಬ್ರಾಹ್ಮಣರನ್ನೂ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. “ದಿವಸಮಾ?” ಅಂದ, ಶ್ರಾದ್ಧವೇ ಎಂದು. ನಾನು ಹೌದೆಂದೆ. “ಹಾಗಾದ್ರೆ ನಾಳೆ ಬರ್ತೀನಮ್ಮಾ, ಪರವಾಗಿಲ್ಲ” ಎಂದು ತಮಿಳಿನಲ್ಲಿ ಹೇಳಿ, ತೆಗೆದಿದ್ದ ಕಾಗದವನ್ನು ಮಡಿಸತೊಡಗಿದ.

ಆಗಲಿ ಎಂದಿದ್ದರೆ ಸಾಕಿತ್ತು. ಅಪ್ಪನ ಮಗಳಾಗಿ ಆ ಒಂದು ಮಾತು ನನಗೆ ಬರದ್ದೇನಲ್ಲ.

“ನಾಳೆ ಬಂದ್ರೂ ಅಷ್ಟೇ” ಅಂದೆ. “ಅಂಥವರು ಯಾರೂ ಇಲ್ಲಿಲ್ಲ. ನಮ್ಮದು ಆಚಾರದ ಮನೆ, ನೀವೇ ನೋಡ್ತಿದ್ದೀರಲ್ಲ.”

“ಪತ್ರ ಕೊಟ್ಟಿದ್ದಾರಲ್ಲಮ್ಮಾ, ನಿಮ್ಮಪ್ಪ?”

“ಅವರಿಗೆ ವಯಸ್ಸಾಗಿದೆ. ಯಾರೋ ಒತ್ತಾಯ ಮಾಡಿದ್ದಕ್ಕೆ ಸಹಿ ಹಾಕಿರ್ಬೇಕು. ದಯವಿಟ್ಟು ನಮ್ಮನ್ನ ಬಿಟ್ಬಿಡಿ.” ಹೀಗೆ ಹೇಳಿ ಕೈ ಮುಗಿದೆ. ಒಮ್ಮೆಯಲ್ಲ, ಎರಡು ಮೂರು ಸಲ ಮುಗಿದೆ. ಅವನಿಗೆ ಪಾಪ ಎನ್ನಿಸಿತು. ಹಾಗಾದರೆ ಇಲ್ಲೊಂದು ಸಹಿ ಹಾಕಿ ಎಂದು ಪೆನ್ನು ಚಾಚಿದ. ಮಡಿಯಲ್ಲಿದ್ದೇನೆ, ಏನನ್ನೂ ಮುಟ್ಟುವ ಹಾಗಿಲ್ಲ ಎಂದೆ. ಆಚಾರಕ್ಕೆ ಗೌರವ ಕೊಡುವವನು, ಪೆನ್ನು ಹಿಂದಕ್ಕೆ ತೆಗೆದುಕೊಂಡು ತಾನೇ ಬರೆದುಕೊಂಡು ಹೋದ: ಈ ವಿಳಾಸದಲ್ಲಿ ವಾಸವಿಲ್ಲವೆಂದು ಮನೆಯವರು ಹೇಳಿದ್ದಾರೆ.

ಕುಟುಂಬದ ಮಾನ ಉಳಿಸಲು ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಗೇಟಿನ ಚಿಲಕ ಹಾಕುವಾಗ ನನಗೆ ಸಂತೋಷವಾಗಿತ್ತು. ಅಂದಿನ ಶ್ರಾದ್ಧದ ವಡೆ ಬಹಳ ರುಚಿಯಾಗಿತ್ತೆಂಬುದೂ ನೆನಪಿದೆ.

ವೀಸಾ ಮುಂದುವರಿಸಲಾಗದು, ವಾರದೊಳಗೆ ದೇಶ ಬಿಡತಕ್ಕದ್ದು ಎಂದು ಉತ್ತರ ಬಂತು. ತಮ್ಮ ಆ ಕಚೇರಿಗೆ ಓಡಿದ. ಅಲ್ಲಿನ ಅಧಿಕಾರಿ ಕಾನ್‌ಸ್ಟೇಬಲ್ ಬರೆದದ್ದನ್ನು ತೋರಿಸಿ, ಮನೆಯ ಯಜಮಾನರು ಖುದ್ದಾಗಿ ಬಂದು ಇನ್ನೊಂದು ಪತ್ರ ಕೊಟ್ಟರೆ ನೋಡೋಣ ಎಂದರಂತೆ. ಮನೆಗೆ ಬಂದ ತಮ್ಮ ನಡುಮನೆಯಲ್ಲಿ ನಿಂತು, “ಯಾರು ಹೇಳಿದ್ದು?” ಎಂದು ಕೇಳಿದ. ಅವನ ದನಿ ಹಾಗೆ ನಡುಗಿದ್ದನ್ನು ಅಮ್ಮ ಸತ್ತ ದಿನ ಬಿಟ್ಟರೆ ನಾನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದಲ್ಲ. “ಅಜ್ಜಿ” ಅಂದೆ.

ಅಜ್ಜಿ ಹಿಂಜರಿಯಲಿಲ್ಲ. ತಾನು ಹೇಳಿಕೊಟ್ಟದ್ದನ್ನು ನಾನು ಒಪ್ಪಿಸಿದೆ, ಆದ್ದರಿಂದ ಹೇಳಿದವಳು ತಾನೇ ಎಂದು ಅವಳ ಲೆಕ್ಕ. “ಹೌದು ಕಣೋ, ನಾನೇ ಹೇಳ್ದೆ. ಏನೀಗ? ನಿಮ್ಮ ತಾತನ ಪಿಂಡ ದೊಡ್ಡದೋ, ಇವಳ ಚೀಟಿ ದೊಡ್ಡದೋ?” ನಾಳೆ ಬರುತ್ತೇನೆಂದು ಕಾನ್‌ಸ್ಟೇಬಲ್ ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ, ಆಗಲಿ ನಾಳೆ ಬಾ ಎಂದೇ ಅವಳೂ ಹೇಳುತ್ತಿದ್ದಳೇನೋ. ಅವಳಿಗೆ ಬೇಕಾಗಿದ್ದದ್ದು ಆ ಒಂದು ಮಧ್ಯಾಹ್ನ ಮಾತ್ರ.

ತಮ್ಮ ಹೋಗಿ ಅಪ್ಪನ ಕಾಲು ಹಿಡಿದ. ಅಪ್ಪ ಆಗಲೂ ಇಲ್ಲ ಅನ್ನಲಿಲ್ಲ. “ಬರೆಯೋಣಪ್ಪಾ, ಬರೆಯೋಕೇನು. ಆದ್ರೆ ನಿಮ್ಮಜ್ಜಿ ಇವಳು ಇಲ್ಲಿಲ್ಲ ಅಂದ್ಮೇಲೆ ನಾನು ಇದ್ದಾಳೆ ಅಂತ ಹೋದ್ರೆ ಅಜ್ಜಿ ಸುಳ್ಳುಗಾತಿ ಆಗ್ತಾಳಲ್ಲ. ಮಹಾಲಯ ಅಮಾವಾಸ್ಯೆ ಕಳೀಲಿ, ಯೋಚನೆ ಮಾಡೋಣ” ಎಂದರು. ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಅವಳಿಗಿದ್ದದ್ದು ಐದು.

ಮೀನಂಬಾಕ್ಕಂ ವಿಮಾನ ನಿಲ್ದಾಣಕ್ಕೆ ನಾನೂ ಹೋದೆ. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೋದೆ. ಬೊಂಬಾಯಿಯ ವಿಮಾನಕ್ಕೆ ಕರೆ ಬಂದಾಗ ಅವಳು ತಮ್ಮನನ್ನು ಬಿಟ್ಟು ನನ್ನತ್ತ ಬಂದು ಎರಡೂ ಕೈ ಹಿಡಿದುಕೊಂಡಳು. “ಆ ದಿನ ನಾನು ತಾರಸಿಯ ಗೋಡೆಯ ಸಂದಿನಿಂದ ನೋಡುತ್ತಿದ್ದೆ ಅಕ್ಕಾ. ಕೆಳಗಿಳಿದು ಬರೋಣವೆನಿಸಿತು, ಆದರೆ ನಿಮಗೆ ಮಾತು ಕೊಟ್ಟಿದ್ದೆ. ಮಾತು ಒಂದೂ ಅರ್ಥವಾಗಲಿಲ್ಲ. ಆದರೆ ಆ ಪೋಲೀಸಿನವರಿಗೆ ನೀವು ಎಷ್ಟು ಬೇಡಿಕೊಂಡಿರಿ, ಎಷ್ಟು ಸಲ ಕೈ ಮುಗಿದಿರಿ ಅಂತ ನೋಡಿದೆ. ಆ ಮನೆಯಲ್ಲಿ ನನಗಾಗಿ ಬೇಡಿಕೊಂಡವರು ನೀವೊಬ್ಬರೇ.” ಪಕ್ಕದಲ್ಲಿ ನಿಂತಿದ್ದ ತಮ್ಮ ಬಿಕ್ಕಿ ಬಿಕ್ಕಿ ಅತ್ತ. ಆಗ ನಿಜ ಹೇಳಬಹುದಿತ್ತು. ನಾನು ಅವಳ ಸೆರಗು ಸರಿಮಾಡಿ, ಹೊತ್ತಾಯಿತು ಹೊರಡು ಎಂದೆ.

ಎರಡು ವರ್ಷ ಕಾಗದಗಳು ಬಂದವು. ಆಮೇಲೆ, ಅಲ್ಲಿಯೇ ಯಾರನ್ನೋ ಮದುವೆಯಾದೆ ಎಂದು ಕೊನೆಯದೊಂದು ಬಂತು. ತಮ್ಮ ಮಾತ್ರ ಮದುವೆಯಾಗಲಿಲ್ಲ. ಮತ್ತೆ ನನ್ನ ಹತ್ತಿರ ಕೂತು ಕಾಫಿ ಕುಡಿಯತೊಡಗಿದ, ಆದರೆ ಸ್ಥಾವರದ ಸುದ್ದಿ ಹೇಳುವುದನ್ನು ನಿಲ್ಲಿಸಿಬಿಟ್ಟ. ಅಜ್ಜಿಯ ಜೊತೆ ಒಂದು ಮಾತೂ ಆಡಲಿಲ್ಲ. ಒಂದೇ ಸೂರಿನಡಿ ನಾಲ್ಕು ವರ್ಷ, ಅವಳಿದ್ದ ಕಡೆ ಕಣ್ಣೆತ್ತಿ ನೋಡಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಕೊನೆಯ ದಿನ ಬೆಳಗ್ಗೆಯಿಂದ ಅವಳ ಬಾಯಲ್ಲಿ ಒಂದೇ ಮಾತು: “ಅವನನ್ನ ಕರೀ. ಅವನ ಕೈಲಿ ಒಂದು ತೊಟ್ಟು ಗಂಗೆ ಬಿಡ್ಸು.” ತಮ್ಮ ಇದ್ದದ್ದು ಪಕ್ಕದ ಕೋಣೆಯಲ್ಲಿಯೇ. ಹೋಗಿ ಕರೆದೆ.

“ನೀನು ಏನು ಕೇಳಿದ್ರೂ ಮಾಡ್ತೀನಿ ಅಕ್ಕಾ” ಅಂದ. “ನಮಗೋಸ್ಕರ ಅವತ್ತು ನೀನೊಬ್ಬಳೇ ಕೈ ಮುಗಿದಿದ್ದು. ಆದ್ರೆ ಇದೊಂದು ಕೇಳ್ಬೇಡ.”

ನಾನು ಅಜ್ಜಿಯ ಹತ್ತಿರ ಹೋಗಿ, ಅವನು ಎಣ್ಣೂರಿನಲ್ಲಿ ಡ್ಯೂಟಿಯ ಮೇಲಿದ್ದಾನೆ ಎಂದು ಹೇಳಿ, ಗಂಗೆಯನ್ನು ನಾನೇ ಅವಳ ಬಾಯಿಗೆ ಬಿಟ್ಟೆ.