ಕೊಪ್ಪೆಯಿಲ್ಲದೆ ಬೆಚ್ಚಗಿದ್ದ ದಾರಿ

ದೆವ್ವ, ಗಾಳಿ ಸೋಕುವುದು, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಓಣಿಯಲ್ಲಿ ಯಾರಿಗಾದರೂ ಗಾಳಿ ಸೋಕಿದೆ ಎಂದರೆ, ಒಂದು ದಿನ ಕಸ ಕೀಳಲು ಹೊಲಕ್ಕೆ ಕಳಿಸಿ, ತಾನೇ ಬಿಡುತ್ತದೆ ಎನ್ನುತ್ತಿದ್ದೆ. ಈಗಲೂ ಹಾಗೇ ಎನ್ನುತ್ತೇನೆ. ಆದರೆ ಒಂದು ಮಳೆಯ ದಿನ ನನಗೆ ಆದದ್ದು ಏನೆಂದು ಇವತ್ತಿಗೂ ಗೊತ್ತಾಗಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಹತ್ತಿಕುಣಿಯಿಂದ ಯಾದಗಿರಿಗೆ ಸೈಕಲ್ ಮೇಲೆ ಮೊಸರು ಒಯ್ದು ಮಾರುತ್ತಿದ್ದೆ. ಸೀರೆಗೆ ಕಚ್ಚೆ ಹಾಕಿ ತುಳಿಯುತ್ತಿದ್ದೆ, ನಗುವವರು ನಗುತ್ತಿದ್ದರು. ಚಳಿ ಮಳೆಯಲ್ಲಿ ತುಳಿಯಲು ಒಂದು ರೀತಿ ಇದೆ. ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತಳ್ಳಿದರೆ ಕೊಪ್ಪೆಯಾಗುತ್ತದೆ. ಅದನ್ನು ತಲೆಗೆ ಹಾಕಿಕೊಳ್ಳಬೇಕು, ಬೆನ್ನು ನೆನೆಯಬಾರದು. ಕುಪ್ಪಸದೊಳಗೆ ಎದೆಗೆ ಹಳೆಯ ಪೇಪರ್ ಇಟ್ಟುಕೊಳ್ಳಬೇಕು. ಪಾದಕ್ಕೆ ಶೇಂಗಾ ಎಣ್ಣೆ ಹಚ್ಚಬೇಕು. ಜೋರಾಗಿ ತುಳಿಯಬಾರದು, ಬೆವರಿದರೆ ಆಮೇಲೆ ಆ ಬೆವರೇ ನಡುಗಿಸುತ್ತದೆ. ಇಷ್ಟು ಮಾಡಿದರೆ ಸುಖವಾಗಿ ಹೋಗಬಹುದು.

ದೀಪಾವಳಿ ಆದ ಮೇಲೆ ಸೈಕ್ಲೋನ್ ಮಳೆ ಹಿಡಿದಿತ್ತು. ಜೊತೆಗೆ ಕೊರೆಯುವ ಗಾಳಿ. ಬೆಳಿಗ್ಗೆ ನನ್ನ ಅತ್ತೆಗೆ ದಮ್ಮು ಹತ್ತಿತು, ಉಸಿರು ಒಳಗೆ ಹೋಗದೆ ಕೊರಳು ಸಿಳ್ಳು ಹಾಕುತ್ತಿತ್ತು. ಗಂಡ ಹತ್ತಿಯ ಲೋಡಿನ ಜೊತೆ ಶಹಾಪುರದಲ್ಲಿ ಸಿಕ್ಕಿಬಿದ್ದಿದ್ದ. ಫೋನಿಗೆ ಟವರ್ ಇಲ್ಲ. ರಸ್ತೆಗೆ ಮರ ಬಿದ್ದು ಬಸ್ಸೂ ಇಲ್ಲ.

ಅತ್ತೆಗೂ ನನಗೂ ಆಗುತ್ತಿರಲಿಲ್ಲ ಎಂದು ಊರಿಗೇ ಗೊತ್ತು. ನನ್ನ ಬಾಣಂತನ ಛಟ್ಟಿ ಅಮಾವಾಸ್ಯೆಯ ಚಳಿಯಲ್ಲಿ ಆಯಿತು. ಮಂಚದ ಕೆಳಗೆ ಕೆಂಡ ಇಡಲಿಲ್ಲ, ಹೆಣ್ಣು ಹಡೆದವಳಿಗೆ ಇದ್ದಿಲು ದಂಡ ಎಂದಳು. ಕೂಸು ಉಳಿಯಲಿಲ್ಲ. ಹೀಗಿರುವಾಗ ಅವಳು ಮನೆಯಲ್ಲಿ ನನ್ನೊಬ್ಬಳ ಮುಂದೆ ಸತ್ತರೆ ಸೊಸೆಯೇ ಕೊಂದಳು ಎನ್ನುತ್ತಾರೆ, ನನ್ನನ್ನು ಆ ಮನೆಯಲ್ಲಿ ಬಾಳಿಸುವುದಿಲ್ಲ. ಹೇಗಾದರೂ ಜೀವ ಇರುವಾಗಲೇ ಆಸ್ಪತ್ರೆ ಮುಟ್ಟಿಸಬೇಕಿತ್ತು. ಪ್ರೀತಿಗಲ್ಲ.

ಉಳಿದ ಚೀಲಗಳು ಸೋರುವ ಚಾವಣಿಯ ತಗಡಿನ ಮೇಲಿದ್ದವು, ಕೊಪ್ಪೆ ಒಂದೇ.

"ಆ ಕೊಪ್ಪಿ ಇತ್ತ ಕೊಡು. ಎದಿಯಾಗಿನ ಪೇಪರೂ ತಗಿ," ಎಂದಳು ಅತ್ತೆ, ಮಾತಿಗೊಮ್ಮೆ ಉಸಿರು ಎಳೆಯುತ್ತ.

"ನಾ ತುಳಿಯಾಕಿ ಅತ್ತಿ. ನನಗ ಚಳಿ ಹತ್ತಿದ್ರ ಇಬ್ರೂ ಬೀಳ್ತೇವ್ರಿ."

"ಎಮ್ಮಿ ಇದ್ದಂಗ ಇದ್ದೀ. ಎಮ್ಮಿಗೆ ಎಲ್ಲಿ ಚಳಿ?"

ಎರಡೂ ಕೊಟ್ಟೆ. ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿ, ಬೀಳದಂತೆ ಹಳೆಯ ಸೀರೆಯಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡೆ. ಹತ್ತಿಕಟ್ಟಿಗೆಯಷ್ಟೇ ಹಗುರವಿದ್ದಳು. ಊರು ದಾಟುವ ತನಕ ಬೈದಳು. "ಏ ಖೋಡಿ, ತಗ್ಗ ನೋಡಿ ಹೊಡಿ. ಸಾಯಸಾಕ ಕರಕೊಂಡ್ ಹೊಂಟೀಯೇನು?" ಆಮೇಲೆ ಸುಮ್ಮನಾದಳು.

ನಾನು ಆಗಲೇ ತೊಯ್ದು ತೊಪ್ಪೆಯಾಗಿದ್ದೆ. ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಬರುತ್ತಿರಲಿಲ್ಲ. ಮರ ಬಿದ್ದಲ್ಲಿ ಇಳಿಯದೆ, ಕಾಲೂರಿ ಸೈಕಲ್ಲನ್ನು ಬದುವಿನ ಮೇಲಿಂದ ತಳ್ಳಿಕೊಂಡು ದಾಟಿ ಮತ್ತೆ ತುಳಿದೆ. ಆಗ ಬೆನ್ನು ಬೆಚ್ಚಗಾಯಿತು. ಒಲೆಗೆ ಬೆನ್ನು ಕೊಟ್ಟು ಕೂತಂತೆ. ಕಾವು ಹೆಗಲಿಗೆ ಬಂತು, ತೋಳಿಗೆ ಇಳಿಯಿತು, ಪಾದಕ್ಕೂ ಹೋಯಿತು. ಮಳೆ ಕಣ್ಣಿಗೆ ಕಾಣುತ್ತಿತ್ತು, ಮೈಗೆ ತಾಗುತ್ತಿರಲಿಲ್ಲ. ಪೆಡಲ್ ತಾನೇ ತಿರುಗಿದಂತಿತ್ತು. "ಅತ್ತಿ, ಚಳಿ ಆಗಾಕತ್ತದೇನ್ರಿ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಅವಳು ನನಗೆ ಉತ್ತರ ಕೊಡದಿರುವುದು ಹೊಸದಲ್ಲ, ನಾನು ತುಳಿಯುತ್ತ ಹೋದೆ.

ಯಾದಗಿರಿಯ ಆಸ್ಪತ್ರೆಯಲ್ಲಿ ಕಟ್ಟಿದ್ದ ಸೀರೆ ಬಿಚ್ಚಿದಾಗ ಅವಳ ಕೈಗಳು ಸೆಟೆದಿದ್ದವು. ನರ್ಸಮ್ಮ ಮುಟ್ಟಿ ನೋಡಿ, "ಜೀವ ಹೋಗಿ ಭಾಳ ಹೊತ್ತಾಗ್ಯದಮ್ಮ," ಎಂದಳು. ನನ್ನ ನಾದಿನಿಯ ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲೇ. ಸುದ್ದಿ ಮುಟ್ಟಿ ಓಡಿಬಂದಳು. ತಾಯಿಯ ಮೈಮೇಲಿನ ಕೊಪ್ಪೆ ತೆಗೆದಳು. ಕೊಪ್ಪೆ ಎಲ್ಲೂ ಹರಿದಿರಲಿಲ್ಲ, ಆದರೂ ಒಳಗೆ ಮುದುಕಿ ಹೊಳೆಯಿಂದ ತೆಗೆದಂತೆ ತೊಯ್ದಿದ್ದಳು. ಎದೆಯ ಪೇಪರ್ ಅಂಬಲಿಯಾಗಿತ್ತು. ನಾದಿನಿ ಅಳುತ್ತ ನನ್ನ ಹೆಗಲ ಮೇಲೆ ಬಿದ್ದಳು, ಬಿದ್ದವಳು ಸಟ್ಟನೆ ಎದ್ದು ನನ್ನ ತಲೆ ಮುಟ್ಟಿದಳು, ಸೆರಗು ಮುಟ್ಟಿದಳು. ಎಲ್ಲ ಒಣಗಿತ್ತು. ಕೂದಲು ಕೂಡ.

"ವೈನಿ, ಕೊಪ್ಪಿ ನೀ ಹಾಕ್ಕೊಂಡ್ ಬಂದಿ. ಗೇಟಿನ್ಯಾಗ ನಮ್ಮವ್ವಗ ಹೊದಿಸಿದಿ. ಹೌದಿಲ್ಲೋ?"

"ಇಲ್ಲವ್ವ, ಅಕಿನೇ ಹಾಕ್ಕೊಂಡಿದ್ಲು."

"ಮತ್ತ ಅಕಿ ಹ್ಯಾಂಗ ತೊಯ್ದ್ಲು? ನೀ ಹ್ಯಾಂಗ ಒಣಗಿದಿ?"

ಸುತ್ತ ನಿಂತವರು ನನ್ನ ಸೀರೆ ನೋಡಿದರು, ಹೊರಗೆ ಮಳೆ ನೋಡಿದರು. ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿತು.

ಮಣ್ಣು ಕೊಡುವಾಗ ನಾದಿನಿ ನನ್ನ ಕೈಯ ಹಿಡಿಮಣ್ಣನ್ನು ತಟ್ಟಿ ಬೀಳಿಸಿದಳು. ಯಾರೂ ತಡೆಯಲಿಲ್ಲ. ಗಂಡ ಬೈಯಲಿಲ್ಲ, ಹೊಡೆಯಲಿಲ್ಲ. "ಮಳ್ಯಾಗ ಒಣಗಿ ಹ್ಯಾಂಗ ಬಂದಿ, ಅಷ್ಟ ಹೇಳು," ಎಂದ. ಅವನು ತಂಗಿಯ ಮನೆಗೆ ಹೋಗಿ ಅಲ್ಲೇ ಉಳಿದ. ಅವನ ಮನೆಗೆ ಅವನೇ ಬೀಗ ಹಾಕಿ ಹೋದ. ನಾನು ಮೊಸರಿನ ಗಡಿಗೆ ಕಟ್ಟಿಕೊಂಡು ಬೇರೆ ಓಣಿಯಲ್ಲಿ ಒಂದು ಖೋಲಿ ಹಿಡಿದೆ.

ಮುಂದೆ ಒಮ್ಮೆ ಅಂಥದೇ ಮಳೆಯಲ್ಲಿ, ಬೇಕೆಂದೇ ಕೊಪ್ಪೆ ಬಿಟ್ಟು ಅದೇ ರಸ್ತೆ ತುಳಿದೆ. ಹಲ್ಲು ಕಟಕಟ ಎಂದವು, ಜ್ವರ ಬಂದು ಮಲಗಿದೆ. ಅತ್ತೆ ತನ್ನ ಕಾವು ತಾನೇ ಕೊಟ್ಟಳು ಎನ್ನಲು, ಅವಳು ಕೊಡುವವಳಲ್ಲ. ನಾನೇ ಎಳೆದುಕೊಂಡೆ ಎನ್ನಲು, ಅದನ್ನು ಹೇಗೆ ಎಳೆದುಕೊಳ್ಳುವುದೆಂದು ನನಗೆ ತಿಳಿಯದು. ಒಂದನ್ನು ಮಾತ್ರ ಮುಚ್ಚಿಡಲಾರೆ. ಅಷ್ಟು ಸುಖವಾಗಿ ಆ ರಸ್ತೆಯಲ್ಲಿ ನಾನು ಮತ್ತೆಂದೂ ಸೈಕಲ್ ತುಳಿದಿಲ್ಲ.